ಆ ಡಬ್ಬಿ ಹಾಡನ್ನು ಬದಲಿಸುತ್ತದೆಯೇ?

ಧಾರವಾಡದಲ್ಲಿ ಒಬ್ಬರ ಎದುರು ಕುಳಿತು ‘ನಿಮಗೆ ಕೇಳಿಸಿದ್ದು ನಿಜವಲ್ಲ’ ಎನ್ನುವುದು ಸಣ್ಣ ಮಾತಲ್ಲ. ಇಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು, ಹೈಸ್ಕೂಲಿನ ಮಾಸ್ತರರು, ಕಿರಾಣಿ ಅಂಗಡಿಯವರು ಸಂಗೀತದ ಬೈಠಕ್ಕಿನ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ತಂಬೂರಿಯ ಪಂಚಮ ಎಳೆಯಷ್ಟು ಇಳಿದರೂ ಅವರ ಹುಬ್ಬು ಗಂಟಿಕ್ಕುತ್ತದೆ. ಮಲ್ಲಿಕಾರ್ಜುನ ಮನಸೂರರನ್ನು, ಬಸವರಾಜ ರಾಜಗುರುಗಳನ್ನು ಎದುರಿಗೆ ಕುಳಿತು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಇಂಥ ಊರಿನಲ್ಲಿ ಬೆಳೆದ ಕಿವಿಗೆ ಒಂದು ಮರ್ಯಾದೆಯಿದೆ. ಆದ್ದರಿಂದಲೇ ಮಾಳಮಡ್ಡಿಯ ಗೆಳೆಯ ಫೋನು ಮಾಡಿ, ಹೊಸ ನೆಟ್‌ವರ್ಕ್ ಸ್ವಿಚ್ ಹಾಕಿದ ಮೇಲೆ ಮನಸೂರರ ಹಿಂದಿನ ತಂಬೂರಿ ಬಿಚ್ಚಿಕೊಂಡು ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದಾಗ ನನಗೆ ಥಟ್ಟನೆ ಉತ್ತರ ಕೊಡಲು ಆಗಲಿಲ್ಲ. ಕಾಲೇಜುಗಳಿಗೆ, ಕಚೇರಿಗಳಿಗೆ ನೆಟ್‌ವರ್ಕ್ ಜೋಡಿಸಿಕೊಡುವುದೇ ನನ್ನ ಉದ್ಯೋಗ. ಸ್ವಿಚ್ಚಿನ ಒಳಗೆ ಏನು ನಡೆಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಗೆಳೆಯನ ಕಿವಿಯೂ ಗೊತ್ತು. ಪಕ್ಕದ ಮನೆಯಲ್ಲಿ ಹುಡುಗಿ ಹಾರ್ಮೋನಿಯಂ ನುಡಿಸುತ್ತಿದ್ದರೆ ಅದರ ಯಾವ ಕೀಲಿಯ ಶ್ರುತಿ ಸಡಿಲಾಗಿದೆ ಎಂದು ಬೀದಿಯಲ್ಲೇ ನಿಂತು ಹೇಳಬಲ್ಲವನು ಅವನು. ಈ ಎರಡು ತಿಳಿವಳಿಕೆಗಳಲ್ಲಿ ಯಾವುದನ್ನೂ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಅವನ್ನು ಒಂದೇ ಕೋಣೆಯಲ್ಲಿ ಕೂರಿಸಿ ನೋಡಬೇಕಾಯಿತು.

ಸ್ವಿಚ್ ಎಂದರೆ ಅಂಗೈಯಗಲದ ಒಂದು ಡಬ್ಬಿ. ರೂಟರಿನಿಂದ ಬರುವ ಕೇಬಲ್ ಅದರಲ್ಲಿ ಕವಲೊಡೆದು ಕಂಪ್ಯೂಟರಿಗೊಂದು, ಟಿವಿಗೊಂದು, ಹಾಡು ಕೇಳಿಸುವ ಸ್ಟ್ರೀಮರಿಗೊಂದು ಎಂದು ಹೋಗುತ್ತದೆ. ಐದು ಕಿಂಡಿಯ ಸಾಧಾರಣ ಗಿಗಾಬಿಟ್ ಸ್ವಿಚ್ಚು ಹುಬ್ಬಳ್ಳಿಯ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುತ್ತದೆ. ಅದೇ ಕೆಲಸ ಮಾಡುವ, ಸಂಗೀತ ಕೇಳುವವರಿಗಾಗಿಯೇ ತಯಾರಾದದ್ದು ಎಂದು ಮಾರುವ ಸ್ವಿಚ್ಚುಗಳಿಗೆ ಹತ್ತಾರು ಸಾವಿರದಿಂದ ಹಿಡಿದು ಲಕ್ಷ ದಾಟಿದ ಬೆಲೆಯೂ ಇದೆ. ದಪ್ಪ ಅಲ್ಯೂಮಿನಿಯಂ ಮೈ, ಒಳಗೆ ಹೆಚ್ಚು ನಿಖರವಾದ ಗಡಿಯಾರ, ಬೇರೆಯೇ ವಿದ್ಯುತ್ ಸರಬರಾಜು. ಗೆಳೆಯ ತಂದದ್ದು ಆ ಸಾಲಿನಲ್ಲಿ ಕೆಳಗಿನ ಬೆಲೆಯದು. ಆದರೂ ಅವನ ಒಂದು ತಿಂಗಳ ಪಿಂಚಣಿಯ ದೊಡ್ಡ ಪಾಲು ಅದಕ್ಕೆ ಹೋಗಿತ್ತು. ಹಾಗಾಗಿ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ತಂತಿಯಲ್ಲಿ ಹರಿಯುವುದು

ಹಾಡು ಆ ಕೇಬಲ್ಲಿನಲ್ಲಿ ಹಾಡಾಗಿ ಹರಿಯುವುದಿಲ್ಲ, ಅಂಕೆಗಳಾಗಿ ಹೋಗುತ್ತದೆ. ಸಿಡಿ ಗುಣಮಟ್ಟದ ಧ್ವನಿ ಎಂದರೆ ಎಡಕ್ಕೂ ಬಲಕ್ಕೂ ಸೆಕೆಂಡಿಗೆ 44,100 ಅಳತೆಗಳು, ಒಂದೊಂದು ಅಳತೆಗೆ 16 ಬಿಟ್. ಒಟ್ಟು ಸೆಕೆಂಡಿಗೆ 14 ಲಕ್ಷದ 11 ಸಾವಿರ ಬಿಟ್‌ಗಳ ಲೆಕ್ಕ. ಈ ಅಂಕೆಗಳನ್ನು, ಕೇಬಲ್ಲಿನಿಂದ ಯಂತ್ರಗಳನ್ನು ಜೋಡಿಸುವ ಈಥರ್‌ನೆಟ್ ಎಂಬ ಪದ್ಧತಿ ತುಂಡು ತುಂಡಾಗಿ ಕಟ್ಟಿ ಕಳಿಸುತ್ತದೆ. ಒಂದು ಕಟ್ಟಿನಲ್ಲಿ ಹೆಚ್ಚೆಂದರೆ 1500 ಬೈಟ್. ಪ್ರತಿ ಕಟ್ಟಿನ ಬಾಲಕ್ಕೆ ನಾಲ್ಕು ಬೈಟಿನ ತಾಳೆಸಂಖ್ಯೆ ಅಂಟಿಕೊಂಡಿರುತ್ತದೆ. ಮನೆಯ ಸ್ವಿಚ್ಚು ಸಾಮಾನ್ಯವಾಗಿ ಕಟ್ಟನ್ನು ಪೂರ್ತಿ ಒಳಗೆ ತೆಗೆದುಕೊಂಡು, ಲೆಕ್ಕವನ್ನು ಮತ್ತೆ ಮಾಡಿ, ಆ ಸಂಖ್ಯೆಯೊಂದಿಗೆ ತಾಳೆ ನೋಡುತ್ತದೆ. ಒಂದೇ ಒಂದು ಬಿಟ್ ಬದಲಾಗಿದ್ದರೂ ಕಟ್ಟನ್ನು ಎಸೆದುಬಿಡುತ್ತದೆ. ಕಟ್ಟು ತಲುಪಲಿಲ್ಲ ಎಂದು ಗೊತ್ತಾದೊಡನೆ ಕಳಿಸಿದ ಕಡೆಯಿಂದ ಅದೇ ಕಟ್ಟು ಮತ್ತೆ ಬರುತ್ತದೆ. 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಈಥರ್‌ನೆಟ್ಟಿನ ಕಲ್ಪನೆಯನ್ನು ಬರೆದಿಟ್ಟಂದಿನಿಂದ ಈ ವಿದ್ಯೆ ಬೆಳೆದು ಬಂದದ್ದೇ ಅಂಕೆ ಕೆಡದಂತೆ ದಾಟಿಸುವುದಕ್ಕಾಗಿ. ಬ್ಯಾಂಕಿನ ಖಾತೆಯೂ ಆಸ್ಪತ್ರೆಯ ಸ್ಕ್ಯಾನೂ ಇದೇ ಬಗೆಯ ಡಬ್ಬಿಗಳನ್ನು ಹಾದು ಬರುತ್ತವೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅಂಕೆ ಕೆಟ್ಟರೆ ಅದು ಕೆಡುವ ಬಗೆಯೇ ಬೇರೆ. ಹಾಡು ನಿಲ್ಲುತ್ತದೆ, ತುಂಡಾಗುತ್ತದೆ, ಟಪ್ ಎಂದು ಸಿಡಿಯುತ್ತದೆ. ತಂಬೂರಿಗೆ ಹೊಳಪು ಬರುವಂತೆ, ತಗ್ಗಿನ ಖರ್ಜ ಸ್ವರ ದುಂಡಗಾಗುವಂತೆ ಅಂಕೆಗಳು ಬದಲಾಗಬೇಕಾದರೆ, ಲಕ್ಷಾಂತರ ಬಿಟ್‌ಗಳು ಸಂಗೀತವನ್ನು ಅರ್ಥಮಾಡಿಕೊಂಡು, ಒಂದಕ್ಕೊಂದು ಹೊಂದಿಕೊಂಡು, ಜೊತೆಗೆ ತಾಳೆಸಂಖ್ಯೆಯನ್ನೂ ತಿದ್ದಿಕೊಂಡು ಬದಲಾಗಬೇಕು. ಅಂಥ ಸ್ವಿಚ್ಚು ಯಾವ ಬೆಲೆಗೂ ಇಲ್ಲ.

‘ಅಂಕೆ ಸರಿಯಿರಬಹುದು, ಆದರೆ ಹೊತ್ತು ತಪ್ಪುತ್ತದೆ’ ಎಂಬುದು ಈ ಸ್ವಿಚ್ಚುಗಳ ಪರವಾಗಿ ಕೇಳಿಬರುವ ಮುಖ್ಯ ವಾದ. ನಿಖರವಾದ ಗಡಿಯಾರ ಹಾಕಿದ್ದು ಅದಕ್ಕಾಗಿಯೇ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಿಗಾಬಿಟ್ ತಂತಿಯಲ್ಲಿ ತುಂಬಿದ ಒಂದು ಕಟ್ಟು ಸುಮಾರು 12 ಮೈಕ್ರೋಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಒಂದು ಸೆಕೆಂಡಿನ ಹಾಡಿಗೆ 120ರಷ್ಟು ಕಟ್ಟುಗಳು ಸಾಕು. ಅಂದರೆ ಒಂದು ಸೆಕೆಂಡಿನ ಸಂಗೀತ ಒಂದೂವರೆ ಮಿಲಿಸೆಕೆಂಡಿನಲ್ಲಿ ಬಂದು ಸೇರಿಬಿಡುತ್ತದೆ, ಉಳಿದ ಹೊತ್ತೆಲ್ಲ ತಂತಿ ಖಾಲಿ. ಬಂದ ಅಂಕೆಗಳು ಸ್ಟ್ರೀಮರಿನ ಸ್ಮೃತಿಯಲ್ಲಿ ಕಾಯುತ್ತ ಕೂರುತ್ತವೆ. ಅವನ್ನು ಒಂದೊಂದಾಗಿ ಎತ್ತಿ ಧ್ವನಿಯಾಗಿಸುವುದು ಡ್ಯಾಕ್ ಎಂಬ ಭಾಗ. ಅದಕ್ಕೆ ಹೊತ್ತು ತೋರಿಸುವುದು ಅದರ ಪಕ್ಕದಲ್ಲೇ ಇರುವ ಗಡಿಯಾರ, ಸ್ವಿಚ್ಚಿನದ್ದಲ್ಲ. ತಬಲಾ ಸಾಥಿ ಕೊಡುವವರು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಉಣಕಲ್ಲಿನಲ್ಲಿ ಹತ್ತು ನಿಮಿಷ ನಿಂತರೂ, ನವನಗರದ ತಿರುವಿನಲ್ಲಿ ಕುಲುಕಾಡಿದರೂ, ಇಲ್ಲಿ ಬಂದು ಕುಳಿತು ಠೇಕಾ ಹಿಡಿದ ಮೇಲೆ ಆ ಕುಲುಕಾಟ ಏಕತಾಲದೊಳಗೆ ಬರುವುದಿಲ್ಲ. ಲಯ ಹುಟ್ಟುವುದು ಅವರ ಕೈಯಲ್ಲಿ, ದಾರಿಯಲ್ಲಲ್ಲ.

ಸ್ಟುಡಿಯೋಗಳ ಮಾತು ಬೇರೆ. ದಾಂತೆ ಮುಂತಾದ ವ್ಯವಸ್ಥೆಗಳಲ್ಲಿ ಹತ್ತಾರು ಮೈಕುಗಳ ಧ್ವನಿ ಕೆಲವೇ ಮಿಲಿಸೆಕೆಂಡುಗಳ ಒಳಗೆ ನೆಟ್‌ವರ್ಕಿನಲ್ಲಿ ದಾಟಬೇಕು, ಯಂತ್ರಗಳ ಗಡಿಯಾರಗಳೂ ನೆಟ್‌ವರ್ಕಿನ ಮೂಲಕವೇ ಒಂದಕ್ಕೊಂದು ಕೂಡಬೇಕು. ಅಲ್ಲಿ ತಪ್ಪು ಸ್ವಿಚ್ಚು, ವಿದ್ಯುತ್ ಉಳಿಸಲು ನಿದ್ದೆಹೋಗುವ ಸ್ವಿಚ್ಚು ಖಂಡಿತ ತೊಂದರೆ ಕೊಡುತ್ತದೆ. ಮನೆಯಲ್ಲಿ ಮೊದಲೇ ಮುದ್ರಿತವಾದ ಹಾಡನ್ನು ತರಿಸಿಕೊಂಡು ಕೇಳುವಾಗ ಆ ಅವಸರವೇ ಇಲ್ಲ.

ಕೇಬಲ್ ಕಿತ್ತ ಮೇಲೆ

ಇಷ್ಟೆಲ್ಲ ಹೇಳುವುದರ ಬದಲು ಗೆಳೆಯನ ಮನೆಗೆ ಹೋದೆ. ಪಡಸಾಲೆಯಲ್ಲಿ ಮನಸೂರರ ಶುಕ್ಲ ಬಿಲಾವಲ್ ರಾಗ ಹಚ್ಚಿ ಕುಳಿತಿದ್ದ. ಮನಸೂರರು ಉಸಿರು ಬಿಡದೆ ಹೆಣೆಯುತ್ತಿದ್ದ ಒಂದು ಆವರ್ತನದ ನಡುವೆ ನಾನು ಎದ್ದು ಹೋಗಿ ಸ್ಟ್ರೀಮರಿನ ಹಿಂದಿನ ನೆಟ್‌ವರ್ಕ್ ಕೇಬಲ್ಲನ್ನೇ ಕಿತ್ತೆ. ಹಾಡು ನಿಲ್ಲಲಿಲ್ಲ. ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂತು, ಮುಂದಿನ ಆವರ್ತನಕ್ಕೆ ಹೋಯಿತು. ತುಂಬಿಟ್ಟುಕೊಂಡ ಅಂಕೆಗಳು ಮುಗಿಯುವವರೆಗೆ ಅದು ಹಾಗೆಯೇ ನಡೆಯುತ್ತದೆ. ಕೆಲವು ಯಂತ್ರಗಳಲ್ಲಿ ಕೆಲವು ಸೆಕೆಂಡು, ಕೆಲವದರಲ್ಲಿ ಇಡೀ ಹಾಡು.

‘ಈಗ ನಿನ್ನ ಸ್ವಿಚ್ಚಿಗೂ ಈ ತಾನಿಗೂ ಸಂಬಂಧವೇ ಇಲ್ಲ. ತಂಬೂರಿ ಬದಲಾಯಿತೇ?’ ಎಂದು ಕೇಳಿದೆ.

ಅವನು ಕಣ್ಣು ಮುಚ್ಚಿ ಕೇಳಿದ. ‘ಬದಲಾಗಲಿಲ್ಲ. ಆದರೆ ಹಳೆಯ ಡಬ್ಬಿ ಇದ್ದಾಗ ಹೀಗಿರಲಿಲ್ಲ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.’

ಗಂಟು ಬಿಡಿಸಿದ್ದು ಗೆಳೆಯನ ಹೆಂಡತಿ, ನಮ್ಮ ವೈನಿ. ಚಹಾದ ತಟ್ಟೆ ಇಡುತ್ತ, ‘ಹಳೆಯದು ಇದ್ದಾಗ ಹಾಡು ಬಂದ್ ಮಾಡಿದ ಮೇಲೂ ಆ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು ನೋಡಿರಿ. ರಾತ್ರಿ ಹೊತ್ತು ನನಗೆ ಕೇಳಿಸುತ್ತಿತ್ತು. ಈಗ ಅದು ಹೋಗಿದೆ’ ಎಂದರು.

ಹಳೆಯ ಸ್ವಿಚ್ಚನ್ನು ಅದರ ಹಳೆಯ ಕೇಬಲ್ಲಿನ ಸಮೇತ ಮತ್ತೆ ಜೋಡಿಸಿದೆವು. ಹಾಡು ನಿಲ್ಲಿಸಿ ಸ್ಪೀಕರಿಗೆ ಕಿವಿ ಹಚ್ಚಿದರೆ ಗುಂಯ್ ಎಂಬ ಸದ್ದು ಇತ್ತು. ಸಣ್ಣದು, ಆದರೆ ಸ್ಪಷ್ಟವಾದದ್ದು. ಆಗ ಕೇಬಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದು ದಪ್ಪ, ಬೂದುಬಣ್ಣದ್ದು. ಒಳಗೆ ಲೋಹದ ಹೊದಿಕೆ, ಎರಡೂ ತುದಿಯ ಪ್ಲಗ್ಗುಗಳ ತುಟಿಗೆ ಲೋಹದ ಅಂಚು. ಹೊಸ ಸ್ವಿಚ್ಚಿನ ಜೊತೆ ಪೆಟ್ಟಿಗೆಯಲ್ಲಿ ಬಂದದ್ದು ತೆಳ್ಳಗಿನದು, ಪ್ಲಗ್ಗು ಬರಿಯ ಪ್ಲಾಸ್ಟಿಕ್ಕು. ಈ ತೆಳ್ಳಗಿನ ಕೇಬಲ್ಲನ್ನು ಹಳೆಯ ಸ್ವಿಚ್ಚಿಗೆ ಹಾಕಿದೊಡನೆ ಗುಂಯ್ ನಿಂತಿತು. ಬೂದು ಕೇಬಲ್ಲನ್ನು ಬೆಲೆಬಾಳುವ ಸ್ವಿಚ್ಚಿಗೆ ಹಾಕಿದರೆ ಅದು ಮರಳಿ ಬಂತು.

ಕಾರಣ ಕಷ್ಟದ್ದಲ್ಲ. ಈಥರ್‌ನೆಟ್ಟಿನ ಪ್ರತಿ ಕಿಂಡಿಯ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಸಂದೇಶ ಕಾಂತದ ಮೂಲಕ ದಾಟುತ್ತದೆ, ತಾಮ್ರಕ್ಕೆ ತಾಮ್ರ ನೇರವಾಗಿ ತಾಗುವುದಿಲ್ಲ. 1500 ವೋಲ್ಟಿನ ಪರೀಕ್ಷೆಯನ್ನು ತಾಳಬೇಕು ಎಂಬುದು ಈಥರ್‌ನೆಟ್ಟಿನ ಮಾನದಂಡದಲ್ಲೇ ಇದೆ. ಆದರೆ ಲೋಹದ ಹೊದಿಕೆ ಈ ತಡೆಯನ್ನು ಸುತ್ತುಹಾಕಿ ಪಕ್ಕದಿಂದ ದಾಟಿಬಿಡುತ್ತದೆ. ಒಳಕೋಣೆಯಲ್ಲಿ ಅವನ ಮಗನ ಕಂಪ್ಯೂಟರ್ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಒಂದು ಅರ್ಥಿಂಗಿಗೆ ಸೇರಿತ್ತು. ಪಡಸಾಲೆಯ ಆಂಪ್ಲಿಫೈಯರ್ ಬೇರೆ ವೈರಿಂಗಿನ ಇನ್ನೊಂದು ಅರ್ಥಿಂಗಿಗೆ ಸೇರಿತ್ತು. ಎರಡೂ ಕಡೆ ಲೋಹದ ಹೊದಿಕೆಯ ಕೇಬಲ್ಲು ಹಾಕಿದ್ದರಿಂದ ಕಂಪ್ಯೂಟರಿನ ಮೈ, ಸ್ವಿಚ್ಚಿನ ಮೈ, ಸ್ಟ್ರೀಮರಿನ ಮೈ ಒಂದಾಗಿ, ಎರಡು ಅರ್ಥಿಂಗುಗಳ ನಡುವಿನ ವ್ಯತ್ಯಾಸವೆಲ್ಲ ಆಂಪ್ಲಿಫೈಯರಿನ ದಾರಿ ಹಿಡಿದಿತ್ತು.

ತಂಬೂರಿಯೇ ಏಕೆ ಬಿಚ್ಚಿಕೊಂಡಂತೆ ಕೇಳಿಸಿತು ಎಂಬುದು ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ನಮ್ಮ ಕರೆಂಟಿನ ಗುಂಯ್ 50 ಹರ್ಟ್ಸಿನದು, ಅದರ ಜೊತೆ 100, 150 ಎಂದು ಅದರ ಮಡಿಗಳೂ ಇರುತ್ತವೆ. ಗಾಯಕರ ಷಡ್ಜ ‘ಕಪ್ಪು ಒಂದು’, ಹಾರ್ಮೋನಿಯಂನ ಮೊದಲ ಕಪ್ಪು ಕೀಲಿ, ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 138 ಹರ್ಟ್ಸ್. ಆಗ ತಂಬೂರಿಯ ಮಂದ್ರ ಪಂಚಮದ ತಂತಿ 104ರ ಆಸುಪಾಸಿಗೆ ಬರುತ್ತದೆ. ಗುಂಯ್ ಸದ್ದಿನ 100 ಅದಕ್ಕೆ ಉಜ್ಜಿಕೊಂಡೇ ಕೂರುತ್ತದೆ. ಎರಡೂ ಸೇರಿ ಸೆಕೆಂಡಿಗೆ ನಾಲ್ಕು ಸಲ ಅಲುಗುತ್ತವೆ. ಶ್ರುತಿ ಕೂಡದ ತಂಬೂರಿಯಲ್ಲಿ ನಾವು ಕೇಳುವುದೂ ಇಂಥದೇ ಅಲುಗಾಟವನ್ನು. ಗೆಳೆಯನ ಕಿವಿ ಸುಳ್ಳು ಹೇಳಿರಲಿಲ್ಲ. ಕೋಣೆಯಲ್ಲಿ ಶ್ರುತಿಗೆಟ್ಟ ಇನ್ನೊಂದು ಸ್ವರ ನಿಜವಾಗಿಯೂ ಇತ್ತು, ಅದು ಹೋದದ್ದೂ ನಿಜ. ಹೋದದ್ದರ ಹೆಸರನ್ನು ಮಾತ್ರ ಅವನು ಡಬ್ಬಿಯ ಮೇಲೆ ಬರೆದಿದ್ದ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇದ್ದಿಲು, ಉಪ್ಪು ಹಾಕಿ ತುಂಬಿದ ಅರ್ಥಿಂಗ್ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿ ಕಲ್ಲಾಗಿರುತ್ತದೆ. ಆ ಗುಂಡಿಗೆ ನೀರು ಹಾಕುವ ರೂಢಿ ಅಜ್ಜಂದಿರ ಕಾಲಕ್ಕೇ ನಿಂತುಹೋಗಿದೆ. ಎಲೆಕ್ಟ್ರಿಷಿಯನ್ ಬಂದು ಟೆಸ್ಟ್ ಲ್ಯಾಂಪನ್ನು ಫೇಸಿಗೂ ಅರ್ಥಿಂಗಿಗೂ ನಡುವೆ ಹಿಡಿದರೆ ಬಲ್ಬು ಕೆಂಡದಂತೆ ಮಂಕಾಗಿ ಹೊತ್ತಿಕೊಳ್ಳುತ್ತದೆ. ಗಟ್ಟಿ ಅರ್ಥಿಂಗಿದ್ದರೆ ಅದು ಪೂರ್ತಿ ಉರಿಯಬೇಕು. ಆಂಪ್ಲಿಫೈಯರಿನ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನುವ ಮನೆಯಲ್ಲಿ ಮೊದಲು ಮಾಡಿಸಬೇಕಾದ ಕೆಲಸ ಇದು. ಸಂಗೀತಕ್ಕಿಂತ ಮೊದಲು ಜೀವದ ಪ್ರಶ್ನೆ. ಗುಂಯ್ ಎನ್ನುತ್ತಿದೆ ಎಂದು ಆಂಪ್ಲಿಫೈಯರಿನ ಅರ್ಥಿಂಗ್ ಪಿನ್ನನ್ನೇ ಕಿತ್ತುಹಾಕಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗುಂಯ್ ಹೋಗುತ್ತದೆ, ಆದರೆ ಮುಂದೆ ಒಂದು ದಿನ ಒಳಗಿನ ವೈರು ಮೈಗೆ ತಾಗಿದರೆ ಮುಟ್ಟಿದವರ ಗತಿಯೇನು? ಲೋಹದ ಹೊದಿಕೆಯಿಲ್ಲದ ಸಾದಾ ಕೇಬಲ್ಲು ಸಾಕು. ಅದೂ ಸಾಲದಿದ್ದರೆ ನಡುವೆ ಒಂದು ಗೇಣು ಆಪ್ಟಿಕಲ್ ಫೈಬರ್ ಹಾಕಿಸಬಹುದು. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಅದಕ್ಕೆ ಬೇಕಾದ ಪರಿವರ್ತಕಗಳ ಜೋಡಿಗೆ ಕೆಲವು ಸಾವಿರ ರೂಪಾಯಿಯೇ ಹೆಚ್ಚು.

ಬಾಗಿಲ ಮರೆಯಲ್ಲಿ ನಿಂತ ಹುಡುಗ

ಗುಂಯ್ ಹೋದ ಮೇಲೆ ಪ್ರಶ್ನೆ ಶುದ್ಧವಾಯಿತು. ಒಂದೇ ಬಗೆಯ ಪ್ಲಾಸ್ಟಿಕ್ ಪ್ಲಗ್ಗಿನ ಕೇಬಲ್ಲು, ಒಂದೇ ಹಾಡು, ವಾಲ್ಯೂಮ್ ಗುಂಡಿಯನ್ನು ಯಾರೂ ಮುಟ್ಟುವಂತಿಲ್ಲ. ಬದಲಾಗುವುದು ಸ್ವಿಚ್ಚು ಮಾತ್ರ. ಇಂಜಿನಿಯರಿಂಗ್ ಓದುವ ಮಗ ಬಾಗಿಲ ಮರೆಯಲ್ಲಿ ನಿಂತು, ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಒಂದು ಡಬ್ಬಿಯನ್ನು ಜೋಡಿಸಿ ಚೀಟಿಯಲ್ಲಿ ಬರೆದಿಡುವುದು. ಪಡಸಾಲೆಯಲ್ಲಿ ಅಪ್ಪ ಕೇಳಿ ತನ್ನ ಚೀಟಿಯಲ್ಲಿ ಬರೆಯುವುದು. ವಾಲ್ಯೂಮಿನ ಬಗ್ಗೆ ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ಒಂದು ಡೆಸಿಬೆಲ್ಲಿಗಿಂತ ಕಡಿಮೆ ಹೆಚ್ಚಳವಾದರೂ ಕಿವಿಗೆ ಅದು ‘ಜೋರು’ ಎಂದು ತೋರುವುದಿಲ್ಲ, ‘ಚೆಂದ’ ಎಂದು ತೋರುತ್ತದೆ.

ಇಂಥ ಪರೀಕ್ಷೆಯಲ್ಲಿ ಊಹೆಗೂ ಕೇಳುವಿಕೆಗೂ ಇರುವ ಅಂತರ ಲೆಕ್ಕಕ್ಕೆ ಸಿಗುತ್ತದೆ. ಬರಿಯ ಊಹೆಯಿಂದ ಹತ್ತರಲ್ಲಿ ಒಂಬತ್ತೋ ಹತ್ತೋ ಸರಿ ಬರುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಐದು, ಆರು ಸರಿ ಬರುವುದು ನಾಣ್ಯಕ್ಕೂ ಸಾಧ್ಯ. ಸಂಜೆಯಾಗುವ ಹೊತ್ತಿಗೆ ಚೀಟಿಗಳನ್ನು ಹೋಲಿಸಿ ನೋಡಿದೆವು. ಸರಿ, ತಪ್ಪು ಹೆಚ್ಚುಕಡಿಮೆ ಅರ್ಧಕ್ಕರ್ಧ. ಗೆಳೆಯ ಚೀಟಿಗಳನ್ನು ಎರಡು ಸಲ ತಿರುಗಿಸಿ ನೋಡಿ, ‘ಕೇಳುವಾಗ ಒಂದೊಂದು ಸಲ ನನಗೆ ಖಾತರಿಯಿತ್ತು’ ಎಂದ. ಅದು ನಾನು ಮರೆಯಲಾರದ ಮಾತು. ಖಾತರಿಯಿದ್ದ ಸಲವೂ ಉತ್ತರ ಸರಿಯಿರಲಿಲ್ಲ. ಯಾವ ಡಬ್ಬಿ ಹಚ್ಚಿದೆ ಎಂದು ಗೊತ್ತಿದ್ದಾಗ ಅವನಿಗೆ ಸಿಗುತ್ತಿದ್ದ ಹಿಗ್ಗು ಕೃತಕವಾದದ್ದಲ್ಲ. ನಿರೀಕ್ಷೆಯೂ ಕೇಳುವಿಕೆಯ ಒಂದು ಭಾಗ, ಗಮನ ಎತ್ತ ಹೋಗುತ್ತದೋ ಅತ್ತ ವಿವರ ಎದ್ದು ನಿಲ್ಲುತ್ತದೆ. ಆದರೆ ಆ ಹಿಗ್ಗಿಗೆ ಪಿಂಚಣಿಯ ಹಣ ತೆರಬೇಕೇ ಎಂಬುದು ಬೇರೆ ಪ್ರಶ್ನೆ.

ಇಲ್ಲಿಗೆ ಬಿಟ್ಟಿದ್ದರೆ ನನ್ನ ಗೆಳೆಯ ಸೋತಂತೆ, ತಂತ್ರಜ್ಞಾನ ಗೆದ್ದಂತೆ ಆಗುತ್ತಿತ್ತು. ಆ ತೀರ್ಪು ನನಗೆ ಒಪ್ಪಿಗೆಯಿರಲಿಲ್ಲ. ಇಷ್ಟು ಪಳಗಿದ ಕಿವಿಗೆ ಮಾಡಲು ಕೆಲಸವೇ ಇಲ್ಲವೇ?

ಸ್ಕ್ರೂ ತಿರುಗಿಸಿದಾಗ

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಕಾಕಾ ಎನ್ನುತ್ತೇವೆ. ಎಪ್ಪತ್ತು, ಎಂಬತ್ತರ ದಶಕದ ಮನೆಬೈಠಕ್ಕುಗಳ ಕ್ಯಾಸೆಟ್ಟುಗಳು ಅವರ ಟ್ರಂಕಿನಲ್ಲಿವೆ. ಮದುವೆಯ ಹಿಂದಿನ ರಾತ್ರಿ ಹಾಡಿದ್ದು, ಪುಣ್ಯತಿಥಿಗೆ ಹಾಡಿದ್ದು, ಮಠದ ಅಂಗಳದಲ್ಲಿ ಹಾಡಿದ್ದು. ಯಾವ ಕಂಪನಿಯೂ ಮುದ್ರಿಸದವು. ಅವನ್ನು ಕಂಪ್ಯೂಟರಿಗೆ ಇಳಿಸಿಕೊಡಲು ನಾವಿಬ್ಬರೂ ಹೋಗಿದ್ದೆವು. ಒಂದು ಕ್ಯಾಸೆಟ್ಟಿನಲ್ಲಿ ಧ್ವನಿ ಕಂಬಳಿ ಹೊದ್ದು ಹಾಡಿದಂತೆ ಮಂಕಾಗಿತ್ತು. ತಂಬೂರಿ ಇದೆಯೋ ಇಲ್ಲವೋ ಎನ್ನುವಷ್ಟು ಮಸುಕು.

ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ. 10,000 ಹರ್ಟ್ಸಿನ ಒಂದು ಅಲೆ ಆ ಟೇಪಿನ ಮೇಲೆ 5 ಮೈಕ್ರೋಮೀಟರಿಗಿಂತ ಗಿಡ್ಡ. ಅದನ್ನು ಓದುವ ಹೆಡ್ಡಿನ ಸೀಳು ಟೇಪಿಗೆ ನೆಟ್ಟಗೆ ಲಂಬವಾಗಿರಬೇಕು. ತುಸು ವಾಲಿದರೂ ಅಲೆಯ ಏರು ಒಂದು ತುದಿಗೆ, ಇಳಿವು ಇನ್ನೊಂದು ತುದಿಗೆ ಸಿಕ್ಕಿ, ಎರಡೂ ಒಂದನ್ನೊಂದು ನುಂಗಿಹಾಕುತ್ತವೆ. ಕಳೆದುಹೋಗುವುದು ಮೇಲಿನ ನಾದ. ತಂಬೂರಿಯ ಜವಾರಿ, ಅಂದರೆ ತಂತಿಯ ಆ ಝೇಂಕಾರ, ಇರುವುದೇ ಅಲ್ಲಿ. ಬೈಠಕ್ಕನ್ನು ಮುದ್ರಿಸಿದ ಯಂತ್ರದ ವಾಲಿಕೆ ಒಂದು, ಈಗ ಓದುತ್ತಿರುವ ಯಂತ್ರದ್ದು ಇನ್ನೊಂದು. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರಿಗೆ ಮಾತ್ರ ಹಿಡಿತಕ್ಕೆ ಸಿಗುವಂಥದು. ಅದನ್ನು ತಿರುಗಿಸಿ ಎರಡನ್ನೂ ಹೊಂದಿಸಬೇಕು.

ಹಾಡು ನಡೆಯುತ್ತಿರುವಾಗಲೇ ನಾನು ತಿರುಗಿಸುತ್ತ ಹೋದೆ. ಕಾಕಾ ಆರಾಮ ಕುರ್ಚಿಯಿಂದಲೇ, ‘ಅವಸರ ಮಾಡಬೇಡ ತಮ್ಮಾ. ತಂಬೂರಿ ತಾನೇ ಹೇಳುತ್ತದೆ’ ಎಂದರು. ಕಾಲು ಸುತ್ತಿಗಿಂತಲೂ ಕಡಿಮೆ ತಿರುವಿನಲ್ಲಿ ಮಂಕು ಸರಿಯಿತು, ಹಿಂದಿನಿಂದ ಝೇಂಕಾರ ಎದ್ದಿತು, ಯಾರೋ ಪಕ್ಕದಲ್ಲಿ ಕೆಮ್ಮಿದ್ದು ಕೇಳಿಸಿತು, ತಬಲಾದ ಕಿನಾರಿನ ಪೆಟ್ಟಿಗೆ ಅಂಚು ಬಂತು. ಗೆಳೆಯನನ್ನು ಬೆನ್ನು ತಿರುಗಿಸಿ ಕೂರಿಸಿದೆ. ಸ್ಕ್ರೂಡ್ರೈವರಿನ ಹಿಡಿಕೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, ಒಮ್ಮೆ ಬಲದಿಂದ, ಒಮ್ಮೆ ಎಡದಿಂದ, ಒಮ್ಮೆ ವೇಗವಾಗಿ, ಒಮ್ಮೆ ತೀರ ನಿಧಾನವಾಗಿ ತಿರುಗಿಸಿದೆ. ‘ಅಲ್ಲೇ, ನಿಲ್ಲಿಸು’ ಎಂದು ಅವನು ಕೈ ಎತ್ತಿದಾಗೆಲ್ಲ ಗೆರೆ ಅದೇ ಜಾಗದ ಆಸುಪಾಸಿನಲ್ಲಿತ್ತು. ಅವನಿಗೆ ಸ್ಕ್ರೂ ಕಾಣುತ್ತಿರಲಿಲ್ಲ. ಯಾವ ಯಂತ್ರ, ಯಾವ ಬೆಲೆ ಎಂಬುದು ಆ ಹೊತ್ತಿಗೆ ಲೆಕ್ಕಕ್ಕೇ ಇರಲಿಲ್ಲ. ಬಾಗಿಲ ಮರೆಯ ಪರೀಕ್ಷೆಯಲ್ಲಿ ನಾಣ್ಯದ ಮಟ್ಟಕ್ಕೆ ಬಂದು ನಿಂತಿದ್ದ ಕಿವಿಯೇ ಇದು.

ಅಂಕೆಗಳ ದಾರಿಯಲ್ಲಿ ಕಳೆಯುವುದು ಏನೂ ಇಲ್ಲದ ಕಾರಣ ಅಲ್ಲಿ ಕಿವಿಗೆ ಹಿಡಿಯಲು ಏನೂ ಸಿಗಲಿಲ್ಲ. ಕ್ಯಾಸೆಟ್ಟಿನ ಇಂಥ ನಷ್ಟ ಆಗುವುದು ಹಾಡು ಅಂಕೆಯಾಗುವ ಮೊದಲು. ಆ ಜಾಗದಲ್ಲಿ ಈ ಕಿವಿ ಅಮೂಲ್ಯ. ನಾವು ಅದನ್ನು ಕೊನೆಯ ಗೇಣಿನ ಕೇಬಲ್ಲಿನ ಕಾವಲಿಗೆ ನಿಲ್ಲಿಸಿದ್ದೇವೆ ಎಂಬುದು ನನಗೆ ನೋವಿನ ಸಂಗತಿ.

ತಟ್ಟೆಯ ಸುತ್ತು

ಗ್ರಾಮಫೋನ್ ತಟ್ಟೆಗಳ ಸ್ಥಿತಿ ಇನ್ನೂ ಸೂಕ್ಷ್ಮ. ನಿಮಿಷಕ್ಕೆ 78 ಸುತ್ತು ಎಂದು ಕರೆಯುವ ತಟ್ಟೆಗಳೆಲ್ಲ, ಅದರಲ್ಲೂ ತೀರ ಹಳೆಯವು, ಕರಾರುವಾಕ್ಕಾಗಿ 78ರಲ್ಲೇ ಮುದ್ರಿತವಾದವಲ್ಲ. ವೇಗ ಆರು ಪ್ರತಿಶತ ಹೆಚ್ಚಾದರೆ ಶ್ರುತಿ ಅರ್ಧಸ್ವರ ಏರುತ್ತದೆ, ತಾನುಗಳೂ ಅಷ್ಟೇ ಅವಸರಕ್ಕೆ ಬೀಳುತ್ತವೆ. ಪಾಶ್ಚಾತ್ಯ ಸಂಗೀತದಲ್ಲಾದರೆ ಬರೆದಿಟ್ಟ ಸ್ವರದೊಂದಿಗೆ ಹೋಲಿಸಿ ತಿದ್ದಬಹುದು. ನಮ್ಮಲ್ಲಿ ಷಡ್ಜ ಗಾಯಕರ ಆಯ್ಕೆ. ತಟ್ಟೆಯ ವೇಗ ತಪ್ಪಿದೆ ಎಂದು ಯಂತ್ರ ಹೇಳಲಾರದು. ಅವರ ಕಂಠವನ್ನು ಬಲ್ಲವರೇ ಹೇಳಬೇಕು.

ಬಲ್ಲವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ಉದಾಹರಣೆಯೇ ಸಾಕು. ಮೂವತ್ತರ ದಶಕದ ಅವರ ಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಅಲ್ಲಿ ಕೇಳಿಸುವುದು ತೆಳ್ಳಗಿನ, ಎತ್ತರದ ಹೆಣ್ಣುಕಂಠ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಇಳಿದು, ನಾವೆಲ್ಲ ಬಲ್ಲ ಆ ಗಂಭೀರ ಕಂಠವಾಯಿತು. ಈ ಕತೆ ಗೊತ್ತಿಲ್ಲದವರು ಹಳೆಯ ತಟ್ಟೆಯನ್ನು ಕೇಳಿ ‘ವೇಗ ಹೆಚ್ಚಾಗಿದೆ’ ಎಂದು ತಿದ್ದಿ ಇಳಿಸಿಬಿಟ್ಟರೆ ಇಲ್ಲದ ಗಂಗೂಬಾಯಿಯೊಬ್ಬರು ಹುಟ್ಟುತ್ತಾರೆ. ಹಾಗೆ ತಿದ್ದಿದ ಫೈಲನ್ನು ಜಗತ್ತಿನ ಅತಿ ದುಬಾರಿ ಸ್ವಿಚ್ಚು ಒಂದು ಬಿಟ್ಟೂ ಕೆಡದಂತೆ ನಮ್ಮ ಮನೆಗೆ ತಲುಪಿಸುತ್ತದೆ. ಸಾವಿರ ರೂಪಾಯಿಯದೂ ಅಷ್ಟೇ ನಿಷ್ಠೆಯಿಂದ ತಲುಪಿಸುತ್ತದೆ.

ಹಳೆಯ ಮುದ್ರಣಗಳ ಹಿಂದೆ ‘ಸ್ಸ್’ ಎನ್ನುವ ಸೂಸು ಸದ್ದನ್ನು ತೆಗೆಯುವ ಸಾಫ್ಟ್‌ವೇರುಗಳ ಬಗ್ಗೆಯೂ ಒಂದು ಮಾತು. ಇವುಗಳಲ್ಲಿ ಹೆಚ್ಚಿನವು ಎಡೆಬಿಡದೆ ಒಂದೇ ಸಮ ಇರುವ ಸದ್ದನ್ನು ಕಸವೆಂದು ಗುರುತಿಸಿ ಅಳಿಸುತ್ತವೆ. ನಮ್ಮ ಸಂಗೀತದಲ್ಲಿ ಎಡೆಬಿಡದೆ ಒಂದೇ ಸಮ ಇರುವುದು ತಂಬೂರಿ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಹಳೆಯ ಬೈಠಕ್ಕುಗಳಲ್ಲಿ ಗಾಯಕರು ಖಾಲಿ ಗವಿಯಲ್ಲಿ ಒಬ್ಬರೇ ಕುಳಿತು ಹಾಡಿದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಸೂಸು ಸದ್ದಿನ ಜೊತೆ ಬದುಕಬಹುದು, ಕಿವಿ ಅದನ್ನು ಸ್ವಲ್ಪ ಹೊತ್ತಿನಲ್ಲೇ ಬದಿಗೆ ಸರಿಸುತ್ತದೆ. ಅಳಿಸಿದ ಜವಾರಿಯನ್ನು ಮರಳಿ ತರಲು ಬರುವುದಿಲ್ಲ.

ಗೆಳೆಯ ಆ ಸ್ವಿಚ್ಚನ್ನು ಮರಳಿ ಕೊಡಲಿಲ್ಲ. ಅದು ಅವನ ಪಡಸಾಲೆಯಲ್ಲಿಯೇ ಇದೆ, ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಮುಂದೆ ತೆಗೆದುಕೊಳ್ಳಬೇಕೆಂದಿದ್ದ ಇನ್ನೂ ದೊಡ್ಡ ಬೆಲೆಯ ವಿದ್ಯುತ್ ಪೆಟ್ಟಿಗೆಯ ಹಣದಲ್ಲಿ ಅವನು ಒಂದು ಒಳ್ಳೆಯ ಕ್ಯಾಸೆಟ್ ಡೆಕ್ಕನ್ನು ಸರ್ವಿಸ್ ಮಾಡಿಸಿ, ಬೆಲ್ಟು ಬದಲಿಸಿ, ಧ್ವನಿ ಇಳಿಸಿಕೊಳ್ಳುವ ಯಂತ್ರದೊಂದಿಗೆ ಕಾಕಾ ಅವರ ಮನೆಯಲ್ಲಿ ಇಟ್ಟಿದ್ದಾನೆ. ಬಿಡುವಾದಾಗಲೆಲ್ಲ ಹೋಗಿ ಒಂದೊಂದೇ ಕ್ಯಾಸೆಟ್ಟಿನ ಸ್ಕ್ರೂ ಹೊಂದಿಸಿ ಇಳಿಸುತ್ತಾನೆ. ಪ್ರತಿ ಫೈಲಿನ ಜೊತೆ ಒಂದು ಹಾಳೆ: ಯಾರು ಹಾಡಿದ್ದು, ಯಾರ ಮನೆ, ಸಾಥಿಗೆ ಯಾರಿದ್ದರು, ಕಾಕಾ ಅವರಿಗೆ ನೆನಪಿದ್ದರೆ ಆ ದಿನದ ಷಡ್ಜ ಯಾವುದು. ಸೂಸು ಸದ್ದು ಇದ್ದ ಹಾಗೆಯೇ ಇರುತ್ತದೆ, ಮೂಲ ಫೈಲನ್ನು ಯಾರೂ ತಿದ್ದುವುದಿಲ್ಲ.

ಗದಗಿನಲ್ಲಿ, ಕುಂದಗೋಳದಲ್ಲಿ, ಹಾವೇರಿಯ ಹಳ್ಳಿಗಳಲ್ಲಿ ಇಂಥ ಟ್ರಂಕುಗಳು ಇನ್ನೂ ಇವೆ. ನಿಮ್ಮ ಮನೆಯಲ್ಲಿ ಇದ್ದರೆ ಕ್ಯಾಸೆಟ್ಟನ್ನು ಹಾಕುವ ಮೊದಲು ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸ್ಕ್ರೂ ಮುಟ್ಟುವ ಮೊದಲು ಅದರ ಮೂಲಸ್ಥಾನವನ್ನು ಗುರುತು ಹಾಕಿಟ್ಟುಕೊಳ್ಳಿ. ಹಾಡಿದವರ ದನಿಯನ್ನು ಎದುರಿಗೆ ಕುಳಿತು ಕೇಳಿದ ಹಿರಿಯರು ಯಾರಾದರೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಿ. ಅವರಿಗೆ ಈಗ ಎಂಬತ್ತು ದಾಟಿರುತ್ತದೆ. ಈ ಬೇಸಿಗೆಯಲ್ಲೇ ಶುರುಮಾಡುವುದು ಒಳ್ಳೆಯದು.